ಎರಡು ಸಾವಿರ ವರ್ಷ ಕೈಗೆ ಸಿಗದ ಕಲ್ಲು

1799ರ ಏಪ್ರಿಲ್ ಮೊದಲ ವಾರದ ಒಂದು ರಾತ್ರಿ. ಶ್ರೀರಂಗಪಟ್ಟಣದ ಹೊರಗೆ ಕಗ್ಗತ್ತಲು. ಸುಲ್ತಾನಪೇಟೆಯ ತೋಪನ್ನೆಲ್ಲ ಜಾಲಾಡಿ, ಯಾರೂ ಸಿಗದೆ, ಬ್ರಿಟಿಷ್ ಜನರಲ್ ಬೇರ್ಡ್‌ನ ಪಡೆ ಬಿಡಾರಕ್ಕೆ ಮರಳುತ್ತಿದೆ. ದಂಡಿನ ನಡುವೆ ಹೆಜ್ಜೆ ಹಾಕುತ್ತಿದ್ದ ಅಧಿಕಾರಿಯೊಬ್ಬ ತಲೆ ಎತ್ತಿ ಆಕಾಶ ನೋಡಿದ. ಎದೆ ಧಸಕ್ಕೆಂದಿತು. ಬೆನ್ನ ಹಿಂದೆ ಇರಬೇಕಿದ್ದ ಸಪ್ತರ್ಷಿ ಮಂಡಲ ಎದುರಿಗಿದೆ! ದಕ್ಷಿಣಕ್ಕೆ ಹೋಗಬೇಕಾದ ಪಡೆ ಉತ್ತರಕ್ಕೆ ನಡೆಯುತ್ತಿದೆ. ಇನ್ನಷ್ಟು ದೂರ ಹೋದರೆ ಟಿಪ್ಪುವಿನ ಸೇನೆಯ ಬಾಯಿಗೇ ಬೀಳುತ್ತದೆ.

ಓಡಿಹೋಗಿ ಜನರಲ್‌ಗೆ ಹೇಳಿದ. ದಾರಿ ಹುಡುಕಲು ತನಗೆ ಚುಕ್ಕಿಗಳ ಹಂಗು ಬೇಕಿಲ್ಲ ಎಂಬ ಧಾಟಿಯಲ್ಲಿ ಜನರಲ್ ಮಾತು ತಳ್ಳಿಹಾಕಿದ. ಕೊನೆಗೆ ದಿಕ್ಸೂಚಿ ತೆಗೆದು ನೋಡಿದರೆ ಚುಕ್ಕಿ ಹೇಳಿದ್ದೇ ನಿಜ. ಪಡೆ ಗಕ್ಕನೆ ಹಿಂದಕ್ಕೆ ತಿರುಗಿತು.

ಆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್. ಹದಿನಾರು ವರ್ಷಗಳ ನಂತರ, 1815ರಲ್ಲಿ, ಇದೇ ಮನುಷ್ಯ ನಮ್ಮ ಸೇಡಂ–ಚಿಂಚೋಳಿಗಳ ಮೂಡಣ ಸೆರಗಿನಗುಂಟ ಭೂಮಿಯನ್ನೇ ಅಳೆಯುತ್ತ ಬೀದರಿನ ಕಡೆ ಸಾಗಿದ್ದ. ಆದರೆ ಈ ಗಾಥೆಯ ನಾಯಕ ಅವನಲ್ಲ, ಒಂದು ಕಲ್ಲು. ಅವನು ಹಾದುಹೋದ ದಾರಿಯಿಂದ ಮೂರ್ನಾಲ್ಕು ದಿನದ ಕಾಲ್ನಡಿಗೆಯಷ್ಟು ದೂರದಲ್ಲಿ, ಚಿತ್ತಾಪುರ ಸೀಮೆಯ ಸನ್ನತಿಯಲ್ಲಿ, ಭೀಮೆಯ ದಂಡೆಯ ಮೇಲೆ ಆ ಕಲ್ಲು ಅಡಗಿತ್ತು. ಎರಡೂ ಮಗ್ಗುಲಲ್ಲಿ ಅಕ್ಷರ. ಒಬ್ಬ ಚಕ್ರವರ್ತಿಯ ಮಾತು. ಅದರ ಹತ್ತಿರ ಎಂತೆಂಥ ಶೋಧಕರೋ ಬಂದರು, ಹೋದರು. ಕೆಲವರು ಸಾವಿನ ದವಡೆಗೆ ಹೋಗಿ ಬಂದರು, ಕೆಲವರು ಬರಲೇ ಇಲ್ಲ. ಕಲ್ಲು ಮಾತ್ರ ಯಾರ ಕೈಗೂ ಸಿಗಲಿಲ್ಲ.

ಅರ್ಧ ಟನ್ ತೂಕದ ಕಣ್ಣು

ಲ್ಯಾಂಬ್ಟನ್ನನಿಗೆ ಹಿಡಿದದ್ದು ವಿಚಿತ್ರ ಹುಚ್ಚು. ಊರು ಗೆಲ್ಲುವುದಲ್ಲ, ಚಿನ್ನ ಅಗೆಯುವುದಲ್ಲ. ಭೂಮಿ ನಿಜಕ್ಕೂ ಯಾವ ಆಕಾರದಲ್ಲಿದೆ, ಧ್ರುವಗಳ ಕಡೆ ಎಷ್ಟು ಚಪ್ಪಟೆಯಾಗಿದೆ ಎಂದು ತಿಳಿಯುವುದು. ಅದಕ್ಕೆ ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ, 78 ಡಿಗ್ರಿ ರೇಖಾಂಶವನ್ನು ಹಿಡಿದು, ತ್ರಿಕೋನದ ಬೆನ್ನಿಗೆ ತ್ರಿಕೋನ ಹೆಣೆಯುತ್ತ ಹೋಗಬೇಕು. ಒಂದು ಗೆರೆಯನ್ನು ಮಾತ್ರ ನೆಲದ ಮೇಲೆ ಸರಪಳಿ ಹಾಸಿ ಅಳೆಯುವುದು. ಉಳಿದದ್ದೆಲ್ಲ ಗುಡ್ಡದಿಂದ ಗುಡ್ಡಕ್ಕೆ ಕೋನ ನೋಡಿ ಲೆಕ್ಕ ಹಾಕುವುದು.

ಕೋನ ನೋಡುವ ಯಂತ್ರ ಥಿಯೋಡೊಲೈಟ್. ಲಂಡನ್ನಿನ ವಿಲಿಯಂ ಕ್ಯಾರಿ ಮಾಡಿದ್ದು, ತೂಕ ಅರ್ಧ ಟನ್. ಅದು ಭಾರತ ತಲುಪಿದ್ದೇ ಒಂದು ಸಾಹಸ. ನಡುಗಡಲಲ್ಲಿ ಫ್ರೆಂಚರ ಯುದ್ಧನೌಕೆ ಹಡಗನ್ನು ಹಿಡಿದು ಮಾರಿಷಸ್ಸಿಗೆ ಒಯ್ದಿತು. ಪೆಟ್ಟಿಗೆ ಬಿಚ್ಚಿ ನೋಡಿದ ಅಲ್ಲಿನ ಗವರ್ನರ್, ಇದು ವಿಜ್ಞಾನದ ಸಾಮಗ್ರಿ ಎಂದು ತಿಳಿದು, ಶುಭ ಕೋರಿ ಮದ್ರಾಸಿಗೆ ಕಳಿಸಿಕೊಟ್ಟ. ಯುದ್ಧ ಮಾಡುತ್ತಿದ್ದ ಎರಡು ದೇಶಗಳ ನಡುವೆ ಒಂದು ಯಂತ್ರ ಸುರಕ್ಷಿತವಾಗಿ ದಾಟಿ ಬಂತು.

1808ರಲ್ಲಿ ತಂಜಾವೂರು. ಸುತ್ತ ಗುಡ್ಡವೇ ಇಲ್ಲದ ಬಯಲು. ದೇವಾಲಯದ ಗೋಪುರವೇ ಗತಿ. ಹಗ್ಗ ಕಟ್ಟಿ ಅರ್ಧ ಟನ್ನಿನ ಯಂತ್ರವನ್ನು ಮೇಲೆಳೆಯುತ್ತಿದ್ದಾಗ ಹಗ್ಗ ಪಟ್ಟನೆ ಕಿತ್ತಿತು. ಯಂತ್ರ ಗೋಡೆಗೆ ಬಡಿಯಿತು, ಹಿತ್ತಾಳೆಯ ದೊಡ್ಡ ಚಕ್ರ ಸೊಟ್ಟಗಾಯಿತು. ಇನ್ನೊಬ್ಬನಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದ. ಲ್ಯಾಂಬ್ಟನ್ ತಿರುಚಿನಾಪಳ್ಳಿಯ ಆಯುಧಶಾಲೆಯಲ್ಲಿ ಬಾಗಿಲು ಹಾಕಿಕೊಂಡು ಕೂತ. ಆರು ವಾರ ಒಂದೊಂದೇ ಕಡೆ ತಟ್ಟಿ, ಎಳೆದು, ಚಕ್ರವನ್ನು ಮತ್ತೆ ದುಂಡಗೆ ತಂದ. ಅದೇ ಯಂತ್ರ ಮುಂದೆ ಗುತ್ತಿ ದಾಟಿತು, ತುಂಗಭದ್ರೆ ದಾಟಿತು, ಕೃಷ್ಣೆ ದಾಟಿತು.

ಕೃಷ್ಣೆ ದಾಟಿದ ಮೇಲೆ ಬಂದದ್ದೇ ನಮ್ಮ ಸೀಮೆ. ಸೇಡಂನ ಮೂಡಣಕ್ಕೆ ಕೊಡಂಗಲ್; 1956ರಲ್ಲಿ ರಾಜ್ಯಗಳ ಗಡಿ ಬದಲಾಗುವವರೆಗೆ ಅದು ಕಲಬುರಗಿ ಜಿಲ್ಲೆಯದೇ ತಾಲ್ಲೂಕು. ಅಲ್ಲಿಂದ ಬಡಗಣಕ್ಕೆ, ಚಿಂಚೋಳಿಯ ಜಂಬಿಟ್ಟಿಗೆ ಗುಡ್ಡಗಳನ್ನು ಎಡಕ್ಕೆ ಬಿಟ್ಟು ನಡೆದರೆ ಬೀದರಿನ ಆಚೀಚೆಯ ನೆಲ, ದಾಮರಗಿದ್ದ. ಎರೆನೆಲ ಮಳೆಗೆ ಅಂಟು, ಬೇಸಿಗೆಗೆ ಬಾಯಿಬಿಟ್ಟ ಬಿರುಕು. ಅದರ ಮೇಲೆ ಯಂತ್ರ ಹೊತ್ತು ನಡೆದವರು ಕೂಲಿಯಾಳುಗಳು. ಅವರಿಗಿಂತ ಮುಂದೆ ಹೋಗಿ ಗುಡ್ಡದ ನೆತ್ತಿಯ ಮೇಲೆ ಬಾವುಟ ನೆಟ್ಟು, ಯಂತ್ರದವರು ನೋಡಿ ಮುಗಿಸುವ ತನಕ ಬಿಸಿಲಲ್ಲಿ ಕಾಯುತ್ತಿದ್ದವರು ಖಲಾಸಿಗಳು. ಅವರ ಹೆಸರನ್ನು ಯಾವ ನಕ್ಷೆಯೂ ಬರೆದಿಟ್ಟಿಲ್ಲ.

1815ರಲ್ಲಿ ಬೀದರ್ ಸೀಮೆಯಲ್ಲಿ ಸರಪಳಿ ಹಾಸಿ ತಳಗೆರೆ ಅಳೆದಾಯಿತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಕೂದಲೆಳೆಯಷ್ಟು ಹಿಗ್ಗಿದರೂ ಮೈಲಿಗಟ್ಟಲೆ ಮುಂದೆ ಲೆಕ್ಕವೇ ಹಳ್ಳ ಹಿಡಿಯುತ್ತದೆ. ಅದಕ್ಕಾಗಿ ಇಂಥ ಅಳತೆಯಲ್ಲಿ ಸರಪಳಿಗೆ ನೆರಳು ಮಾಡಿ, ಪಕ್ಕದಲ್ಲೇ ಉಷ್ಣಮಾಪಕ ಇಟ್ಟು, ಹಿಗ್ಗನ್ನೂ ಕುಗ್ಗನ್ನೂ ಬರೆದುಕೊಳ್ಳಬೇಕು. ಕನ್ಯಾಕುಮಾರಿಯ ಕಡೆಯಿಂದ ದಾಮರಗಿದ್ದದವರೆಗೆ ಹೆಣೆದ ತ್ರಿಕೋನಗಳ ಈ ಚಾಪ ಹೆಚ್ಚುಕಡಿಮೆ ಹತ್ತು ಡಿಗ್ರಿ ಉದ್ದ.

1818ರ ಕೊನೆಗೆ ಹೈದರಾಬಾದಿನಲ್ಲಿ ಲ್ಯಾಂಬ್ಟನ್ನನನ್ನು ಸೇರಿಕೊಂಡ ತರುಣ ಸಹಾಯಕ ಜಾರ್ಜ್ ಎವರೆಸ್ಟ್. ಮಾರನೆಯ ವರ್ಷದ ಮಳೆಗಾಲದಲ್ಲಿ ಕೃಷ್ಣೆ–ಗೋದಾವರಿಗಳ ನಡುವಿನ ಯಲ್ಲಾಪುರಂ ಕಾಡಿಗೆ ಹೊಕ್ಕ. ಜ್ವರ ಇಡೀ ಬಿಡಾರವನ್ನು ಮಲಗಿಸಿತು. ನೂರೈವತ್ತು ಜನರಲ್ಲಿ ಎದ್ದು ನಿಲ್ಲುವವರೇ ಇಲ್ಲ. ಹೈದರಾಬಾದಿನಿಂದ ಆನೆ, ಪಲ್ಲಕ್ಕಿ ಸಿಕ್ಕಿದ್ದೆಲ್ಲ ಓಡಿ ಬಂದವು. ಹಿಂತಿರುಗುವ ದಾರಿಯಲ್ಲಿ ಹದಿನೈದು ಜನ ತೀರಿಕೊಂಡರು. ಎವರೆಸ್ಟ್ ಬದುಕುಳಿದು, ಚೇತರಿಸಿಕೊಳ್ಳಲು ಆಫ್ರಿಕದ ಗುಡ್‌ಹೋಪ್ ಭೂಶಿರಕ್ಕೆ ಹೋಗಬೇಕಾಯಿತು. ಮರಳಿ ಬಂದವನೇ ಮತ್ತೆ ಬೀದರ್ ಕಡೆಯಿಂದ ಮುಂಬಯಿಯತ್ತ ತ್ರಿಕೋನ ಹೆಣೆಯಲು ಹೊರಟ. 1823ರ ಜನವರಿ 20ರಂದು ಲ್ಯಾಂಬ್ಟನ್ ಹಿಂಗನಘಾಟದಲ್ಲಿ, ಕೆಲಸದ ದಾರಿಯಲ್ಲೇ, ಕಣ್ಣು ಮುಚ್ಚಿದ. ಚಾಪ ಎವರೆಸ್ಟನ ಕೈಗೆ ಬಂತು, ಹಿಮಾಲಯದ ಬುಡದವರೆಗೆ ಹೋಯಿತು.

ಅರ್ಧ ಶತಮಾನದ ನಂತರ ಅದೇ ಕೊಡಂಗಲ್ಲಿಗೆ, ಅದೇ ದಾಮರಗಿದ್ದಕ್ಕೆ ಜೇಮ್ಸ್ ಬಸೆವಿ ಎಂಬುವನು ಲೋಲಕಗಳನ್ನು ಹೊತ್ತು ಬಂದ. ಗಾಳಿ ತೆಗೆದ ಪಾತ್ರೆಯೊಳಗೆ ಲೋಲಕ ತೂಗಾಡಿಸಿ, ತೂಗಾಟ ಎಣಿಸಿ, ಆ ಜಾಗದಲ್ಲಿ ಭೂಮಿಯ ಸೆಳೆತ ಎಷ್ಟು ಎಂದು ತೂಗುವ ಕೆಲಸ. ಬಯಲಿನ ಲೆಕ್ಕ ಸಿಕ್ಕಿತು. ಬೆಟ್ಟದ ಮೇಲೆ ಎಷ್ಟು? ಹದಿನೈದು ಸಾವಿರ ಅಡಿ ಮೀರಿದ ಲಡಾಖಿನ ಮೋರೆ ಬಯಲಿಗೆ ಹತ್ತಿದ. ಅದೂ ಸಾಲದೆ ಇನ್ನೂ ಎತ್ತರಕ್ಕೆ ಹೋದ. 1871ರ ಜುಲೈ 17ರಂದು ಚಾಂಗ್‌ಚೆನ್ಮೋ ಕಣಿವೆಯಲ್ಲಿ ಅವನ ಉಸಿರೇ ನಿಂತಿತು. ಅವನು ಬಿಟ್ಟುಹೋದ ಅಂಕಿಗಳು ಮಾತ್ರ ಹೇಳಿದವು: ಹಿಮಾಲಯದಂಥ ಹಿಮಾಲಯದ ಸೆಳೆತ ಅದರ ಗಾತ್ರಕ್ಕೆ ತಕ್ಕಷ್ಟಿಲ್ಲ, ಬೆಟ್ಟದ ಕೆಳಗೆ ಹಗುರವಾದದ್ದೇನೋ ಇದೆ.

ಇವರೆಲ್ಲ ನೆಲವನ್ನು ಇಂಚಿಂಚು ಅಳೆದರು, ತೂಗಿದರು. ಭೀಮೆಯ ದಂಡೆಯ ಕಲ್ಲು ಅವರ ದುರ್ಬೀನಿಗೆ ಬೀಳಲಿಲ್ಲ. ಲ್ಯಾಂಬ್ಟನ್ನನ ಕಣ್ಣೆದುರಿಗೇ ಅದನ್ನು ತಂದು ನಿಲ್ಲಿಸಿದ್ದರೂ ಪ್ರಯೋಜನವಿರುತ್ತಿರಲಿಲ್ಲ. 1815ರಲ್ಲಿ ಆ ಅಕ್ಷರ ಓದಬಲ್ಲ ಒಬ್ಬ ಮನುಷ್ಯನೂ ಭೂಮಿಯ ಮೇಲೆ ಇರಲಿಲ್ಲ.

ಓದುವವರಿಲ್ಲದ ಲಿಪಿ

ಬ್ರಾಹ್ಮಿಯನ್ನು ನಾಡು ಮರೆತು ಶತಮಾನಗಳೇ ಆಗಿದ್ದವು. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ಫಿರೋಜ್ ಷಾ ತುಘಲಕ್ ಅಶೋಕನ ಎರಡು ಕಂಬಗಳನ್ನು ಕಿತ್ತು ತರಿಸಿ, ಪಂಡಿತರನ್ನು ಕರೆಸಿ ಓದಿ ಎಂದ. ಯಾರಿಗೂ ಬಾಯಿ ಬರಲಿಲ್ಲ. ಅದಕ್ಕೂ ಐನೂರು ವರ್ಷ ಮೊದಲು, ಸೇಡಂ ಪಕ್ಕದ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿ ಮೆರೆಯುತ್ತಿದ್ದಾಗ, ಅರಬ್ ಪಯಣಿಗರು ಇಲ್ಲಿನ ದೊರೆಯನ್ನು ಲೋಕದ ನಾಲ್ಕು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದ್ದರು. ಕಡಲಾಚೆಗೂ ಹೆಸರಾಗಿದ್ದ, ‘ಕವಿರಾಜಮಾರ್ಗ’ ಹುಟ್ಟಿದ ಆ ಪಟ್ಟಣದಿಂದ ಸನ್ನತಿ ಬಹು ದೂರವೇನಲ್ಲ. ಆಗಲೂ ಕಲ್ಲು ಮೌನವಾಗಿಯೇ ಇತ್ತು.

ಬೀಗ ತೆಗೆದವನು ಕಲ್ಕತ್ತೆಯ ಟಂಕಸಾಲೆಯಲ್ಲಿ ಕೆಲಸ ಮಾಡುತ್ತಿದ್ದ ಜೇಮ್ಸ್ ಪ್ರಿನ್ಸೆಪ್. ಅವನು ಕಾಡು ಅಲೆಯಲಿಲ್ಲ, ಹುಲಿ ಹೊಡೆಯಲಿಲ್ಲ. ಸಾಂಚಿಯಿಂದ ಬಂದ ಸಣ್ಣಸಣ್ಣ ಬರಹಗಳ ಪಡಿಯಚ್ಚುಗಳನ್ನು ಮುಂದೆ ಹರವಿಕೊಂಡು ಕೂತಿದ್ದಾಗ, ಹಲವು ಸಾಲುಗಳು ಒಂದೇ ಜೋಡಿ ಅಕ್ಷರದಿಂದ ಮುಗಿಯುವುದು ಅವನ ಕಣ್ಣಿಗೆ ಬಿತ್ತು. ಗುಡಿಗೆ ಬಂದವರು ಕಲ್ಲಿನ ಮೇಲೆ ಏನು ಬರೆಸುತ್ತಾರೆ? ಇಂಥವರ ದಾನ ಎಂದು! ಕೊನೆಯ ಎರಡಕ್ಷರ ‘ದಾನಂ’. ಆ ಎಳೆ ಹಿಡಿದೇ 1837ರಲ್ಲಿ ಇಡೀ ಲಿಪಿ ಬಿಚ್ಚಿಕೊಂಡಿತು. ಹಗಲಿರುಳು ದುಡಿದ ಮೈ ಮಾತ್ರ ತಡೆಯಲಿಲ್ಲ. 1840ರಲ್ಲಿ, ನಲವತ್ತರ ಆಸುಪಾಸಿನಲ್ಲಿ, ಪ್ರಿನ್ಸೆಪ್ ತೀರಿಕೊಂಡ.

ಈಗ ಕೀಲಿ ಸಿಕ್ಕಿತು. ಕಲ್ಲು ಸಿಗಬೇಕು.

ನದಿಯಾಚೆಯ ಗೋರಿಗಳು

ಪ್ರಿನ್ಸೆಪ್ ಸತ್ತ ಮರುವರ್ಷವೇ, 1841ರಲ್ಲಿ, ಸುರಪುರಕ್ಕೆ ಬಂದವನು ಫಿಲಿಪ್ ಮೆಡೋಸ್ ಟೇಲರ್. ಹದಿನೈದರ ಹುಡುಗನಾಗಿ ಮುಂಬಯಿಗೆ ಹಡಗಿನಿಂದ ಇಳಿದು, ನಿಜಾಮನ ಚಾಕರಿಗೆ ಸೇರಿ, ಈ ನೆಲದ ಭಾಷೆ ಕಲಿತವನು. 1853ರವರೆಗೆ ಸುರಪುರವೇ ಅವನ ಊರಾಯಿತು. ಬಯಲಲ್ಲಿ ದುಂಡಗೆ ಸುತ್ತಿಟ್ಟ ಕಲ್ಲುಗಳನ್ನು ಕಂಡರೆ ಅವನಿಗೆ ಕಾಲು ಮುಂದೆ ಹೋಗುತ್ತಿರಲಿಲ್ಲ. ಇವು ಏನು, ಯಾರು ಇಟ್ಟದ್ದು, ಕೆಳಗೇನಿದೆ?

ಫಿರೋಜಾಬಾದಿನ ಬಳಿಯ ಜೇವರ್ಗಿಯಲ್ಲಿ ಅಗೆಸಿದ. ಮಣ್ಣು, ಗರಸು, ಮತ್ತೆ ಮಣ್ಣು. ಕೆಳಗೆ ಅಸ್ಥಿಪಂಜರಗಳು, ಕೆಲವುಗಳ ರುಂಡವೇ ಬೇರೆ, ಮುಂಡವೇ ಬೇರೆ! ಬೆಚ್ಚಿಬೀಳುವ ಹೊತ್ತಿನಲ್ಲಿ ಅವನು ಮಾಡಿದ್ದು ಇನ್ನೊಂದು. ಯಾವ ಪದರದಲ್ಲಿ ಏನು ಸಿಕ್ಕಿತು ಎಂದು ಗುಂಡಿಯ ಸೀಳುನೋಟದ ಚಿತ್ರ ಬರೆದ. ನಿಧಿಗಾಗಿ ಅಗೆಯುವವನಿಗೂ ತಿಳಿವಿಗಾಗಿ ಅಗೆಯುವವನಿಗೂ ವ್ಯತ್ಯಾಸ ಇಲ್ಲೇ ಇರುವುದು. ಮುಂದೆ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥನಾದ ಮಾರ್ಟಿಮರ್ ವೀಲರ್ ಕೂಡ ಆ ಚಿತ್ರಗಳನ್ನು ಕೊಂಡಾಡಿದ.

ಜೇವರ್ಗಿಯಿಂದ ಸನ್ನತಿಗೆ ಒಂದು ಹಗಲಿನ ಕುದುರೆ ಪಯಣ, ನಡುವೆ ಭೀಮೆ. ಅಕ್ಷರ ಓದುವ ಕೀಲಿ ಆಗ ಲೋಕದ ಕೈಯಲ್ಲಿತ್ತು, ಕೆದಕುವ ಕೆಚ್ಚು ಟೇಲರನಲ್ಲಿತ್ತು. ಕಲ್ಲು ಎಲ್ಲಿತ್ತು? ಸನ್ನತಿಯ ಗುಡಿಯೊಂದರಲ್ಲಿ, ದೇವಿಯ ಪೀಠವಾಗಿ. ಗೋರಿ ಅಗೆಯಬಹುದು, ಗರ್ಭಗುಡಿ ಅಗೆಯುವುದುಂಟೆ?

ಸುತ್ತಿಗೆಯೂ ರೈಲೂ

ಮುಂದೆ ಬಂದದ್ದು ದೊಡ್ಡ ಗಂಡಾಂತರ. 1871ರಲ್ಲಿ ಮುಂಬಯಿ ಕಡೆಯ ಹಳಿ ಶಹಾಬಾದ್, ವಾಡಿಗಳನ್ನು ಹಾದು ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಹೊರಟು, ವಾಡಿ ಜಂಕ್ಷನ್ ಹುಟ್ಟಿತು. ಹಳಿ ಬಂದಲ್ಲಿಗೆ ಸುತ್ತಿಗೆ ಬಂತು. ಶಹಾಬಾದಿನ ಫರ್ಸಿ ಕಲ್ಲು ಊರೂರಿನ ಅಂಗಳ, ಪಡಸಾಲೆ, ರೈಲು ನಿಲ್ದಾಣಗಳಿಗೆ ಹೊರಟಿತು.

ಈ ಕಲ್ಲನ್ನು ಎಬ್ಬಿಸುವುದನ್ನು ಖಣಿಯಲ್ಲಿ ಹತ್ತಿರ ನಿಂತು ನೋಡಬೇಕು. ಕೆಲಸಗಾರ ಮೊದಲು ಕೈಯಿಂದ ಧೂಳು ಒರೆಸಿ ಕಲ್ಲಿನ ಅಂಚು ಸವರುತ್ತಾನೆ. ಕಣ್ಣಿಗೆ ಕಾಣದ ಗೆರೆ ಬೆರಳಿಗೆ ಸಿಗುತ್ತದೆ. ಅಲ್ಲಿ ಉಳಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾನೆ, ಒಂದು ಮೊಳ ಸರಿದು ಮತ್ತೆ ತಟ್ಟುತ್ತಾನೆ. ದನಿ ಬದಲಾಗುತ್ತದೆ, ಟಣ್ ಎನ್ನುತ್ತಿದ್ದದ್ದು ಟಪ್ ಎನ್ನುತ್ತದೆ. ಸಂದಿಯಲ್ಲಿ ಹಾರೆ ತೂರಿಸಿ ಮೀಟಿದರೆ, ಉಬ್ಬಿದ ರೊಟ್ಟಿ ಪದರ ಬಿಟ್ಟಂತೆ ಆಳೆತ್ತರದ ಹಾಸು ಎದ್ದು ಬರುತ್ತದೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಕಡಲ ತಳದಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರು ಇದು. ಭೂವಿಜ್ಞಾನಿಗಳ ಬಾಯಲ್ಲಿ ‘ಭೀಮಾ’ ಶಿಲಾಶ್ರೇಣಿ. ರಾಬರ್ಟ್ ಬ್ರೂಸ್ ಫೂಟ್ ಈ ಕಣಿವೆ ಸುತ್ತಿ 1876ರಲ್ಲಿ ಇದರ ವರದಿ ಬರೆದ.

ಎರಡು ಸಾವಿರ ವರ್ಷದ ಹಿಂದೆ ಸನ್ನತಿಯ ಶಿಲ್ಪಿಗಳಿಗೆ ಹಾಸುಗಲ್ಲು ಕೊಟ್ಟದ್ದೂ ಇದೇ ಕಣಿವೆ. ಆದರೆ ಹೀಗೆ ಚಪ್ಪಟೆಯಾಗಿ, ನೇರವಾಗಿ ಇರುವ ಕಲ್ಲಿಗೆ ಅಪಾಯವೂ ಹೆಚ್ಚು. ಮೆಟ್ಟಿಲಿಗೆ ಬೇಕು, ಬಟ್ಟೆ ಒಗೆಯಲು ಬೇಕು, ಹಳ್ಳಕ್ಕೆ ಅಡ್ಡ ಹಾಕಲು ಬೇಕು, ಸುಟ್ಟರೆ ಸುಣ್ಣವೂ ಆಗುತ್ತದೆ. ಶಹಾಬಾದಿನಲ್ಲಿ, ವಾಡಿಯಲ್ಲಿ, ಮುಂದೆ ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳ ಚಿಮಣಿ ಎದ್ದವು. ಇದೇ ಸುಣ್ಣಕಲ್ಲು ರಾಶಿರಾಶಿಯಾಗಿ ಪುಡಿಯಾಯಿತು. ಮೇಲಿಂದ ಭೀಮೆಯ ಪ್ರವಾಹ ಬೇರೆ. 2020ರ ಅಕ್ಟೋಬರಿನಲ್ಲಿ ಭೀಮೆ, ಕಾಗಿಣಾ ಎರಡೂ ಉಕ್ಕಿ ದಂಡೆಯ ಊರುಗಳನ್ನು ಮುತ್ತಿದ್ದನ್ನು ಕಂಡವರಿಗೆ ಗೊತ್ತು, ಈ ನದಿಯ ಮಗ್ಗುಲಲ್ಲಿ ಎರಡು ಸಾವಿರ ಮಳೆಗಾಲ ಕಳೆಯುವುದೆಂದರೆ ಏನೆಂದು.

ಬೇಟೆ ಮಾತ್ರ ಹತ್ತಿರ ಬರುತ್ತಿತ್ತು. 1915ರ ಜನವರಿಯಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತ ಗುಡ್ಡ ಹತ್ತಿದ ಬೀಡನ್ ಎಂಬ ಎಂಜಿನಿಯರನಿಗೆ ಗುಂಡಿನ ಮೇಲೆ ಅಕ್ಷರ ಕಂಡವು. ಅದುವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಗುಂಡು ನೇರವಾಗಿ ಅಶೋಕ ಎಂದಿತು! ನಿಜಾಮ ಸರ್ಕಾರದ ಪುರಾತತ್ತ್ವ ಇಲಾಖೆ ಆ ವರ್ಷವೇ ಎಚ್. ಕೃಷ್ಣಶಾಸ್ತ್ರಿಗಳ ಕೈಯಿಂದ ಅದನ್ನು ಓದಿಸಿ ಪ್ರಕಟಿಸಿತು. ಚಿನ್ನ ಹುಡುಕಲು ಹೋದವನಿಗೆ ಚಕ್ರವರ್ತಿಯೇ ಸಿಕ್ಕ.

1954ರಲ್ಲಿ ಕಪಟರಾಳ ಕೃಷ್ಣರಾಯರು ಸನ್ನತಿಗೆ ಬಂದರು. ಊರ ದೇವಿ ಚಂದ್ರಲಾಂಬೆಯ ದರ್ಶನಕ್ಕೆ ಊರೂರಿನಿಂದ ಬರುವ ಭಕ್ತರು ದಾಟಿಹೋಗುವ ಹೊಲ, ದಿಬ್ಬಗಳಲ್ಲಿ ಬಿದ್ದಿದ್ದ ಕೆತ್ತನೆಯ ಕಲ್ಲುಗಳು ಅವರನ್ನು ತಡೆದವು. ಇದು ಬೌದ್ಧರ ದೊಡ್ಡ ನೆಲೆ ಎಂದು ವಿದ್ವಾಂಸರ ಗಮನ ಸೆಳೆದರು. ಈಗ ಬೇಟೆ ಊರೊಳಗೇ ಬಂದಿತ್ತು. ಕಲ್ಲು ಮ್ಯಾಪಿನಲ್ಲಿ ಒಂದು ಚುಕ್ಕಿಯಷ್ಟು ಜಾಗದಲ್ಲಿ ಸಿಕ್ಕಿಕೊಂಡಂತಾಗಿತ್ತು. ಆದರೂ ಇನ್ನೂ ಮೂರು ದಶಕ ಅದು ತಪ್ಪಿಸಿಕೊಂಡಿತು.

ಚಾವಣಿ ಬಿದ್ದ ದಿನ

1986. ಚಂದ್ರಲಾಂಬಾ ದೇವಾಲಯದ ಆವರಣದೊಳಗಿನ ಕಾಳಿ ಗುಡಿ. ಹಳೆಯ ಗುಡಿಯ ಚಾವಣಿ ಕುಸಿಯಿತು. ಕಲ್ಲಿನ ತೊಲೆ, ಮಣ್ಣು, ಗಾರೆ ಎಲ್ಲ ಮೂರ್ತಿಯ ಮೇಲೆ. ಮೂರ್ತಿ ಭಿನ್ನವಾಯಿತು. ಊರಿಗೆ ಅದೊಂದು ಆಘಾತ. ರಾಶಿಬಿದ್ದ ಕಲ್ಲುಮಣ್ಣು ತೆಗೆದಾಗ, ದೇವಿ ನಿಂತಿದ್ದ ಪೀಠದ ಹಾಸುಗಲ್ಲು ಹೊರಬಂತು.

ಅದರ ಮೈತುಂಬ ಅಕ್ಷರ. ಮೇಲ್ಮೈಯಲ್ಲೂ ಅಕ್ಷರ, ತಿರುವಿದರೆ ಹಿಂಬದಿಯಲ್ಲೂ ಅಕ್ಷರ. ನಡುವೆ, ಸಾಲುಗಳನ್ನು ಕಡಿದುಕೊಂಡು, ಚೌಕಾಕಾರದ ಒಂದು ಗುಳಿ. ಮೂರ್ತಿಯ ಬುಡ ಕೂರಿಸಲು ಹಿಂದೆಂದೋ ಒಬ್ಬ ಕಲ್ಲುಕುಟಿಗ ಕೊರೆದದ್ದು. ಅವನ ಉಳಿಗೆ ಸಿಕ್ಕ ಅಕ್ಷರಗಳು ಶಾಶ್ವತವಾಗಿ ಹೋದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಶಾಸನವನ್ನು 1986ಕ್ಕಿಂತ ಮೊದಲು ಕಂಡವನು ಆ ಕುಟಿಗ. ಎಲ್ಲರಿಗಿಂತ ಹತ್ತಿರದಿಂದ, ಅಂಗೈ ಊರಿ ಕಂಡವನು. ಅವನಿಗೆ ಅದು ಹಳೆಯ ಗೀರುಗಳಿರುವ ಒಳ್ಳೆ ಗಟ್ಟಿ ಕಲ್ಲು. ಅವನನ್ನು ಬಯ್ಯುವ ಹಕ್ಕು ನಮಗಿಲ್ಲ. ಅವನು ಗುಳಿ ಕೊರೆದು ಪೀಠ ಮಾಡದೆ ಹೋಗಿದ್ದರೆ ಆ ಕಲ್ಲು ಯಾವ ಸುಣ್ಣದ ಭಟ್ಟಿ ಸೇರುತ್ತಿತ್ತೋ, ಯಾವ ಬಾವಿಯ ಕಟ್ಟೆಯಾಗುತ್ತಿತ್ತೋ. ಕೆಲವು ಅಕ್ಷರ ಕಳೆದ ಅವನೇ ಉಳಿದ ಅಕ್ಷರಗಳನ್ನು ಕಾಪಾಡಿದ. ದೇವಿಯ ಪಾದದಡಿಗೆ ಯಾವ ಸುತ್ತಿಗೆ ಬರುತ್ತದೆ?

ಆದರೆ ಅವನನ್ನು ಶೋಧಕ ಎನ್ನಲಾಗದು. ಕಾಣುವುದಕ್ಕೂ ಓದುವುದಕ್ಕೂ ನಡುವೆ ಒಂದು ದೂರವಿದೆ. ಲ್ಯಾಂಬ್ಟನ್ ನಡೆದದ್ದಕ್ಕಿಂತ ದೊಡ್ಡ ದೂರ. ಅದನ್ನು ದಾಟುವುದೇ ಶೋಧ. ಆ ರಾತ್ರಿ ಬೇರ್ಡ್‌ನ ಪಡೆಯ ಪ್ರತಿಯೊಬ್ಬ ಸಿಪಾಯಿಯ ತಲೆಯ ಮೇಲೂ ಅದೇ ಸಪ್ತರ್ಷಿಗಳಿದ್ದರು, ಓದಿದವನು ಒಬ್ಬ. ಸಾಂಚಿಯ ಗೀರುಗಳನ್ನು ಸಾವಿರಾರು ಜನ ಸವರಿ ಹೋಗಿದ್ದರು. ಎರಡಕ್ಷರ ಮತ್ತೆ ಮತ್ತೆ ಬರುತ್ತದೆ ಎಂದು ಗಮನಿಸಿದವನು ಒಬ್ಬ. ಮನುಷ್ಯನನ್ನು ಕಡಲು, ಕಾಡು, ಶಿಖರಗಳಿಗೆ ಅಟ್ಟುವ ತುಡಿತದ ಬೇರು ‘ಆಚೆ ಏನಿದೆ’ ಎಂಬ ಪ್ರಶ್ನೆಯಲ್ಲಿದೆ ಅನ್ನುತ್ತೇವೆ. ‘ಇದು ಹೀಗೇಕಿದೆ’ ಎಂಬ ಪ್ರಶ್ನೆ ಅದಕ್ಕಿಂತ ಆಳದ್ದು. ಮೊದಲನೆಯದಕ್ಕೆ ಕಾಲಲ್ಲಿ ಬಲ ಇದ್ದರೆ ಸಾಕು. ಎರಡನೆಯದಕ್ಕೆ ತಲೆಮಾರುಗಳುದ್ದಕ್ಕೂ ಹತ್ತಾರು ಜನ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿದ ತಿಳಿವು ಬೇಕು. 1986ರಲ್ಲಿ ಚಾವಣಿ ಬಿದ್ದಾಗ ಅಂಥ ಜನ ಸಿದ್ಧರಿದ್ದರು. ಶಾಸನತಜ್ಞ ಕೆ.ವಿ. ರಮೇಶ್ ಕಲ್ಲನ್ನು ಓದಿದರು. ಅದೇ ಚಾವಣಿ 1800ರಲ್ಲಿ ಬಿದ್ದಿದ್ದರೆ? ಹಾಸುಗಲ್ಲು ಮತ್ತೊಂದು ಪೀಠವಾಗುತ್ತಿತ್ತು, ಇನ್ನೊಂದು ಗುಳಿ ಬೀಳುತ್ತಿತ್ತು.

ಓದಿದಾಗ ಇನ್ನೊಂದು ಬೆರಗು. ಅದು ಅಶೋಕನದು, ಪ್ರಾಕೃತದಲ್ಲಿದೆ. ಒಂದು ಮಗ್ಗುಲಲ್ಲಿ ಅವನ 12 ಮತ್ತು 14ನೆಯ ಬಂಡೆಶಾಸನಗಳು. ಇನ್ನೊಂದು ಮಗ್ಗುಲಲ್ಲಿ ‘ಪ್ರತ್ಯೇಕ ಶಾಸನ’ ಎಂದು ಕರೆಯುವ ಎರಡು. ಎದೆ ನಡುಗಿಸಿದ್ದು ಇವೇ. ಪ್ರತ್ಯೇಕ ಶಾಸನಗಳು ಅದುವರೆಗೆ ಸಿಕ್ಕಿದ್ದು ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ, ಅಂದರೆ ಅಶೋಕ ರಕ್ತ ಹರಿಸಿ ಗೆದ್ದ ಕಳಿಂಗದಲ್ಲಿ. ಎಲ್ಲ ಜನರೂ ನನ್ನ ಮಕ್ಕಳು, ಅವರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳಿ, ಗಡಿಯಾಚೆಯವರು ನನಗೆ ಹೆದರುವುದು ಬೇಡ ಎಂದು ಅಧಿಕಾರಿಗಳಿಗೆ ಕೊಟ್ಟ ಅಪ್ಪಣೆ ಅದು. ಕಳಿಂಗಕ್ಕೆ ಬರೆದ ಅಪ್ಪಣೆ ಭೀಮೆಯ ದಂಡೆಗೆ ಯಾಕೆ ಬಂತು?

12ನೆಯ ಶಾಸನದ ಸಾರ ಇನ್ನೂ ಚೋದ್ಯ. ನಿಮ್ಮ ಮತವನ್ನೇ ಹೊಗಳಿ ಪರಮತವನ್ನು ಹಳಿಯಬೇಡಿ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಿರಿ ಎನ್ನುತ್ತದೆ ಅದು. ಬೌದ್ಧ ದೊರೆಯ ಆ ಮಾತನ್ನು ಶಾಕ್ತರ ದೇವಿ ಪಾದದಡಿ ಇಟ್ಟು ಕಾಪಾಡಿಕೊಂಡು ಬಂದಿದ್ದಳು.

ಮೂರು ಕಿಲೋಮೀಟರ್ ಆಚೆ

ಕಲ್ಲು ಸಿಕ್ಕ ಮೇಲೆ ಸನ್ನತಿಯ ದಿಬ್ಬಗಳನ್ನು ನೋಡುವ ಕಣ್ಣೇ ಬದಲಾಯಿತು. 1986ರಿಂದ 89ರವರೆಗೆ ಸನ್ನತಿಯಲ್ಲಿ ಉತ್ಖನನ. 1994ರಿಂದ ಪಕ್ಕದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಗುದ್ದಲಿ ಇಟ್ಟಿತು. ಹೊಲದ ಕೆಳಗೆ ಒಂದು ಮಹಾಸ್ತೂಪವೇ ಮುರಿದು ಮಲಗಿತ್ತು. ಶಾಸನಗಳು ಅದನ್ನು ‘ಅಧೋಲೋಕ ಮಹಾಚೈತ್ಯ’ ಎಂದು ಕರೆಯುತ್ತವೆ. ಬುದ್ಧನ ಬದುಕು, ಜಾತಕದ ಕಥೆ, ಸಾತವಾಹನ ದೊರೆಗಳು ಸುಣ್ಣಕಲ್ಲಿನ ಹಾಸುಗಳ ಮೇಲೆ ಸಾಲುಗಟ್ಟಿ ಎದ್ದು ಬಂದರು. ಕಲ್ಲಿಗೊಂದರಂತೆ ಕೊಟ್ಟವರ ಹೆಸರು, ಕೊನೆಗೆ ಪ್ರಿನ್ಸೆಪ್ ಹಿಡಿದ ಅದೇ ಎರಡಕ್ಷರ, ‘ದಾನಂ’.

ಒಂದು ಹಾಸಿನ ಮೇಲೆ ಕಿವಿಗೆ, ಕೊರಳಿಗೆ ಆಭರಣ ತೊಟ್ಟ ರಾಜ. ಜೊತೆಗೆ ರಾಣಿ, ಛತ್ರ, ಚಾಮರ ಹಿಡಿದ ಪರಿವಾರ. ಅವರ ಹತ್ತಿರವೇ ಬ್ರಾಹ್ಮಿಯಲ್ಲಿ ಒಂದು ಸಣ್ಣ ಬರಹ: ‘ರಾಯ ಅಸೋಕೊ’. ಶಿಲ್ಪಿ ಅಶೋಕನನ್ನು ಕಂಡವನಲ್ಲ; ಇಬ್ಬರ ನಡುವೆ ತಲೆಮಾರುಗಳೇ ಕಳೆದಿದ್ದವು. ಆದರೆ ಇದು ಅಶೋಕ ಎಂದು ಹೆಸರು ಕೆತ್ತಿ ತೋರಿಸಿದ ಚಿತ್ರ ನಮಗೆ ಸಿಕ್ಕಿದ್ದು ಈ ಹೊಲದಲ್ಲೇ. ಹೆಸರು ಮಸ್ಕಿಯಲ್ಲಿ, ಮಾತು ಸನ್ನತಿಯಲ್ಲಿ, ಮುಖ ಕನಗನಹಳ್ಳಿಯಲ್ಲಿ. ಪಾಟಲೀಪುತ್ರದ ದೊರೆಯನ್ನು ಜೋಡಿಸಿಕೊಟ್ಟದ್ದು ಬಿಸಿಲ ನಾಡೆಂದು ಮೂಗು ಮುರಿಯುವ ನಮ್ಮ ಈ ಸೀಮೆ.

ಬೇಟೆ ಮುಗಿದಿಲ್ಲ

ಅಶೋಕನ ಬಂಡೆಶಾಸನಗಳು ಒಟ್ಟು 14. ಧೌಲಿಯಲ್ಲೂ ಜೌಗಡದಲ್ಲೂ 11ರಿಂದ 13ರವರೆಗಿನವನ್ನು ಬಿಟ್ಟು, ಆ ಜಾಗಕ್ಕೆ ಪ್ರತ್ಯೇಕ ಶಾಸನಗಳನ್ನು ಹಾಕಿಸಿದ್ದಾನೆ. ಸೋತ ನಾಡಿನ ಜನರ ಮುಂದೆ ಕಳಿಂಗ ಯುದ್ಧದ ಸಾವುನೋವು ಹೇಳುವ 13ನೆಯದನ್ನು ನಿಲ್ಲಿಸಲು ಅವನಿಗೆ ಮನಸ್ಸಾಗಲಿಲ್ಲವೇನೋ. ಸನ್ನತಿಯ ಕಲ್ಲಿನ ಮೇಲೂ 13 ಇಲ್ಲ, ಆದರೆ ಅಲ್ಲಿ ಬಿಟ್ಟ 12 ಇಲ್ಲಿದೆ.

ಹಾಗಾದರೆ 1ರಿಂದ 11? ಶಾಸನವನ್ನು 12ರಿಂದ ಶುರುಮಾಡುವ ದೊರೆ ಯಾರು? ಎರಡೂ ಮಗ್ಗುಲಲ್ಲಿ ಬರೆದ ಕಲ್ಲೆಂದರೆ ಅದು ಜನ ಸುತ್ತಾಡಿ ಓದುವಂತೆ ನೆಟ್ಟಗೆ ನಿಲ್ಲಿಸಿದ ಕಲ್ಲು. ಅದರ ಪಕ್ಕದಲ್ಲಿ ಜೊತೆಗಲ್ಲುಗಳು ನಿಂತಿದ್ದಿರಲೇಬೇಕು. ಅವು ಇನ್ನೂ ಸಿಕ್ಕಿಲ್ಲ. ಭೀಮೆಯ ಹೂಳಿನಲ್ಲಿರಬಹುದು, ಯಾವುದೋ ವಾಡೆಯ ಹೊಸ್ತಿಲಾಗಿರಬಹುದು, ಅಕ್ಷರದ ಮೈ ಕೆಳಗಾಗಿ ಯಾವುದೋ ಹಟ್ಟಿಯ ಮುಂದೆ ಬಟ್ಟೆ ಒಗೆಯುವ ಕಲ್ಲಾಗಿರಬಹುದು. ಪುಡಿಯಾಗಿಯೂ ಹೋಗಿರಬಹುದು.

ರೈಲಿನಲ್ಲಿ ಸನ್ನತಿಗೆ ಹೋಗುವವರು ಇಳಿಯುವುದು ವಾಡಿ–ರಾಯಚೂರು ದಾರಿಯ ನಾಲವಾರದಲ್ಲಿ. ಅಲ್ಲಿಂದ ಭೀಮೆಯವರೆಗೆ ತೊಗರಿ ಹೊಲ, ನಡುನಡುವೆ ಫರ್ಸಿ ಒಡ್ಡು, ಫರ್ಸಿ ಗೋಡೆ, ಫರ್ಸಿ ಅಂಗಳ. ಈಗ ಆ ಅಕ್ಷರ ಓದಬಲ್ಲವರು ಇದ್ದಾರೆ. ಪುರಾತತ್ತ್ವ ಇಲಾಖೆಗೆ ಸುದ್ದಿ ಮುಟ್ಟಿಸಲು ಒಂದು ಫೋನು, ಒಂದು ಫೋಟೋ ಸಾಕು. ಮುಂದಿನ ಕಲ್ಲನ್ನು ಕಾಣುವವರು ಹಡಗೇರಿ ಬರುವವರಲ್ಲ. ಹಳೆ ಮನೆ ಕೆಡವುವಾಗ, ಬದು ಕಡಿಯುವಾಗ, ಖಣಿಯಲ್ಲಿ ಹಾರೆ ಮೀಟುವಾಗ, ಕೈಗೆ ಸಿಕ್ಕ ಹಾಸುಗಲ್ಲನ್ನು ಒಮ್ಮೆ ಹೊರಳಿಸಿ, ಮಣ್ಣು ಒರೆಸಿ, ಈ ಗೀರು ಏನಿರಬಹುದು ಎಂದು ಕೆಲಸ ನಿಲ್ಲಿಸುವ ಇಲ್ಲಿಯವರೇ.